ಮಿಕ್ಸಿ ರಿಪೇರಿಯವರು ಮತ್ತು ನನ್ನ ಲ್ಯಾಪ್‌ಟಾಪ್

ಕುಂಬಾರಕೊಪ್ಪಲಿನಲ್ಲಿ ನಮ್ಮ ಬಾಡಿಗೆ ಮನೆಯ ಕೆಳಗೆ ಮಿಕ್ಸಿ ರಿಪೇರಿಯವರೊಬ್ಬರ ಅಂಗಡಿಯಿತ್ತು. ಯಾರು ಏನು ತಂದರೂ ಅವರು ಸ್ಕ್ರೂಡ್ರೈವರನ್ನು ಕಿವಿಗೆ ಸಿಕ್ಕಿಸಿಕೊಂಡು, "ಏನೇನ್ ಸಿಗ್ಸಿದ್ದೀರೋ ಎಲ್ಲಾ ತೆಗೀರಿ ಮೊದ್ಲು" ಎನ್ನುತ್ತಿದ್ದರು.

ನಮ್ಮ ಮನೆತನದ ಮೊದಲ ಡಿಗ್ರಿ ನನ್ನದು, ಅದೂ ಕಂಪ್ಯೂಟರಿನದು. ಮೊದಲ ಕೆಲಸದ ಸಂದರ್ಶನ ಅವತ್ತು ಲ್ಯಾಪ್‌ಟಾಪಿನಲ್ಲೇ, ಬೆಳಿಗ್ಗೆ ಹನ್ನೊಂದಕ್ಕೆ. ಹಳೆಯ ಲ್ಯಾಪ್‌ಟಾಪ್ ಚುರುಕಾಗಲೆಂದು ನಾನೇ ಪೆನ್‌ಡ್ರೈವಿನಿಂದ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದ್ದೆ. ಆನ್ ಮಾಡಿದಾಗಲೆಲ್ಲ ಅದು "ಭಾಷೆ ಆರಿಸಿ" ಎಂದು ಮತ್ತೆ ಮೊದಲಿನಿಂದ ಶುರುಮಾಡುತ್ತಿತ್ತು. ಮೂರು ಸಲ ಹಾಕಿದೆ, ಮೂರು ಸಲವೂ ಅದೇ. ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಲ್ಯಾಪ್‌ಟಾಪ್ ಎತ್ತಿಕೊಂಡು ಕೆಳಗೆ ಓಡಿದೆ.

"ಬೂಟ್ ಆಗ್ತಿಲ್ಲ ಅಣ್ಣ. ಬೂಟ್‌ಲೋಡರ್ ಹೋಗಿರ್ಬೇಕು, ಇಲ್ಲಾ ಹಾರ್ಡ್ ಡಿಸ್ಕೇ..."

"ಅದೆಲ್ಲಾ ನಂಗೊತ್ತಿಲ್ಲ ಕಣಮ್ಮ. ಏನೇನ್ ಸಿಗ್ಸಿದ್ದೀಯೋ ಎಲ್ಲಾ ತೆಗಿ ಮೊದ್ಲು."

ನಾನು ತೆಗೆಯಲಿಲ್ಲ, ಅವರೇ ತೆಗೆದರು. ಮೊದಲು ಮೌಸ್, ಆಮೇಲೆ ಪೆನ್‌ಡ್ರೈವ್.

"ಜಾರ್ ಕಿತ್ಬುಟ್ಟೆ. ಈಗ ಆನ್ ಮಾಡು."

ಲ್ಯಾಪ್‌ಟಾಪ್ ಸಲೀಸಾಗಿ ತೆರೆದುಕೊಂಡಿತು. ಅಷ್ಟು ಹೊತ್ತೂ ಅದು ನಾನು ಕೀಳದೆ ಬಿಟ್ಟಿದ್ದ ಪೆನ್‌ಡ್ರೈವಿನಿಂದಲೇ ಶುರುವಾಗುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಮೇಲೆ ಹತ್ತಲು ಸಮಯವಿಲ್ಲದೆ ಮಿಕ್ಸಿಗಳ ನಡುವೆಯೇ ಸಂದರ್ಶನಕ್ಕೆ ಕೂತೆ.

"ಇತ್ತೀಚೆಗೆ ನೀವು ಬಗೆಹರಿಸಿದ ಒಂದು ತಾಂತ್ರಿಕ ಸಮಸ್ಯೆ ಹೇಳಿ" ಎಂದರು ಆ ಕಡೆಯವರು. ಕ್ಯಾಮೆರಾದ ಹಿಂದೆ ಅಣ್ಣ ಗಂಭೀರವಾಗಿ ಪೆನ್‌ಡ್ರೈವ್ ಎತ್ತಿ ಹಿಡಿದರು.

"ಬಗೆಹರಿಸಿದ್ದು ನಾನಲ್ಲ ಸರ್" ಎಂದು ಲ್ಯಾಪ್‌ಟಾಪನ್ನು ಅಣ್ಣನ ಕಡೆ ತಿರುಗಿಸಿದೆ. ಅವರು ಕಿವಿಯ ಸ್ಕ್ರೂಡ್ರೈವರ್ ತೆಗೆದಿಟ್ಟು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ನಮಸ್ಕಾರ ಮಾಡಿದರು.