ಇಕ್ಕಳ ಕುದಿಸುವ ಮೂಕಮ್ಮ

ದೇವದುರ್ಗದ ಸಂತೆಗೆ ಆಗತಾನೆ ಬೆಳಕು ಹರಿಯುತ್ತಿದೆ. ಬೇವಿನ ಮರದಡಿ ಮೂಕಮ್ಮ ಒಲೆ ಊದುತ್ತಿದ್ದಾರೆ. ಒಲೆಯ ಮೇಲೆ ತಾಮ್ರದ ಬೋಗುಣಿ, ಬೋಗುಣಿಯ ನೀರಿನಲ್ಲಿ ಹಲ್ಲು ಕೀಳುವ ಇಕ್ಕಳ. ಸುತ್ತ ಕೆನ್ನೆ ಹಿಡಿದುಕೊಂಡು ಕುಕ್ಕರಗಾಲಿನಲ್ಲಿ ಕುಳಿತ ಏಳೆಂಟು ಮಂದಿ. ಹಲ್ಲುನೋವಿನವರ ಮುಖದಲ್ಲಿ ನಗು ಕಾಣುವುದುಂಟೇ? ಇಲ್ಲಿ ಕಾಣುತ್ತದೆ.

"ಯಪ್ಪಾ, ಹಿಂಗ ಕೆನ್ನಿ ಸವರಿಕೋತ ಕುಂತ್ರ ಹಲ್ಲಿಗೆ ಸೊಕ್ಕು ಬರ್ತದ. ಕೈ ಬಿಡ್ರಿ, ಅದೂ ಒಂದೀಟು ಅಂಜ್ಲಿ!" ಎಂದು ಮೂಕಮ್ಮ ಮುದುಕರೊಬ್ಬರನ್ನು ಗದರುತ್ತಾರೆ. ಮುದುಕರು ನೋವಿನಲ್ಲೇ ನಗುತ್ತಾರೆ.

ಮೂಕಮ್ಮ ಎಂದು ಹೆಸರಿಟ್ಟ ಹಿರಿಯರು ಇವರ ಮಾತು ಕೇಳಲು ಉಳಿಯಲಿಲ್ಲವೆಂದು ಕಾಣುತ್ತದೆ. ಹಲ್ಲು ಕೀಳುವುದು ಬಂದೇನವಾಜರ ಕೆಲಸ. ಪ್ರತಿ ಬಾಯಿಗೂ ಮೊದಲು ಇಕ್ಕಳ ಕುದಿಸುವುದು, ಕುದಿಯುವ ತನಕ ನೊಂದವರನ್ನು ಏಳಗೊಡದೆ ಕೂರಿಸುವುದು ಮೂಕಮ್ಮನ ಕೆಲಸ. ಎರಡನೆಯದೇ ಕಷ್ಟ. ಸಂತೆಯ ಆಚೆ ತುದಿಯಲ್ಲಿ ಇನ್ನೊಬ್ಬ ಹಲ್ಲು ಕೀಳುವವನಿದ್ದಾನೆ. ಅವನು ಇಕ್ಕಳವನ್ನು ಧೋತರದ ಚುಂಗಿಗೆ ಒರೆಸಿ ಮುಂದಿನ ಬಾಯಿಗೆ ಹಾಕುತ್ತಾನೆ, ಅಲ್ಲಿ ಕಾಯಬೇಕಿಲ್ಲ. ಇಲ್ಲಿಂದ ಒಬ್ಬರು ಎದ್ದರೆ ಹಿಂದೆಯೇ ನಾಲ್ವರು ಏಳುತ್ತಾರೆ. ಯುದ್ಧದ ದೆಸೆಯಿಂದ ಸೀಮೆಎಣ್ಣೆಯೂ ಸಿಗುವುದಿಲ್ಲ. ಹತ್ತಿಕಟ್ಟಿಗೆಯ ಉರಿಯಲ್ಲಿ ನೀರು ತನಗೆ ಮನಸ್ಸು ಬಂದಾಗ ಕುದಿಯುತ್ತದೆ.

ಈ ಒಲೆಗೆ ಅವರು ಬಂದ ದಾರಿ ನಗುವಿನದಲ್ಲ. ಕೆಲವು ವರ್ಷಗಳ ಕೆಳಗೆ ಅವರ ಗಂಡ ಇದೇ ಮರದಡಿ ಹಲ್ಲು ಕೀಳಿಸಿಕೊಂಡರು. ದವಡೆ ಬಾತು ಜ್ವರ ಏರಿತು. ಗಾಡಿ ಕಟ್ಟಿ ರಾಯಚೂರಿನ ದವಾಖಾನೆಗೆ ಒಯ್ದರೂ ಉಳಿಯಲಿಲ್ಲ. ಅಲ್ಲಿ ನರ್ಸ್ ಒಬ್ಬರು ಸೂಜಿ, ಚಿಮಟ ಕುದಿಸುವುದನ್ನು ಕಂಡ ಮೂಕಮ್ಮ ಯಾಕೆಂದು ಕೇಳಿದ್ದರು.

"ಒಬ್ರ ಬ್ಯಾನಿ ಕಬ್ಬಿಣ ಹತ್ತಿ ಇನ್ನೊಬ್ರ ಮೈಗೆ ಹೋಗ್ತದಂತ. ಗಳಗಳ ಕುದಿಸಿದ್ರ ಸಾಯ್ತದಂತ. ಇಷ್ಟು ಮಾತು ನಮಗ ಯಾರೂ ಹೇಳಿದ್ದಿಲ್ರೀ," ಎನ್ನುತ್ತಾರೆ.

ಗಂಡನ ಹಲ್ಲು ಕಿತ್ತವರು ಇದೇ ಬಂದೇನವಾಜ್. "ಬೈಯಾಕ ಬಂದಾಳ ಅಂತ ತಲಿ ತಗ್ಗಿಸಿ ಕುಂತೆ. ಆಕಿ ಬೋಗಾಣಿ ಇಟ್ಟು ಒಲಿ ಹಚ್ಚಿದ್ಲು," ಎನ್ನುವಾಗ ಅವರ ಕಣ್ಣು ತುಂಬುತ್ತದೆ. ಯಾಕೆ ಮುಚ್ಚಿಡಲಿ, ನನ್ನ ಕಣ್ಣೂ ತುಂಬುತ್ತದೆ.

ಅಷ್ಟರಲ್ಲಿ ಗಡಿಗೆಪ್ಪನೆಂಬ ಕೂಲಿಯಾಳಿನ ಹಲ್ಲು ಹೊರಬಂದು, ಇಕ್ಕಳ ಮತ್ತೆ ಬೋಗುಣಿಗೆ ಬಿದ್ದಿದೆ. ಆ ಹೊತ್ತಿಗೇ ಹನುಮಂತ್ರಾಯಗೌಡರು ಊದಿದ ಕೆನ್ನೆ ಹೊತ್ತು ಕುದುರೆ ಇಳಿಯುತ್ತಾರೆ. ದೊಡ್ಡ ಹೊಲಮನೆಯ ಧಣಿ. ಎಲ್ಲರೂ ಸರಿದು ಜಾಗ ಬಿಡುತ್ತಾರೆ.

"ಲಗೂನ ಕೀಳೋ. ಕುದಿಸೋದೆಲ್ಲಾ ಬ್ಯಾಡ. ನಿಮ್ಮ ಉಸ್ತಾದ್ ಕೊಟ್ಟ ಇಕ್ಕಳ ಅದು, ಕುದಿಸಿದ್ರ ಕೈಗುಣ ಹೋಗ್ತದ. ಆಗಲ್ಲಂದ್ರ ಆ ಕಡಿ ಹೋಗ್ತೀನಿ."

ಈ ನಂಬಿಕೆ ಗೌಡರೊಬ್ಬರದಲ್ಲ, ಸುತ್ತಲ ಹಳ್ಳಿಗಳದೆಲ್ಲ. ಗೌಡರು ಎದ್ದರೆ ಸಾಲೇ ಎದ್ದುಹೋಗುತ್ತದೆ. ಬಂದೇನವಾಜರ ಕೈ ಬೋಗುಣಿಯತ್ತ ಚಾಚುತ್ತದೆ. ಮೂಕಮ್ಮ ತಮ್ಮ ಕೈ ಅಡ್ಡ ಇಡುತ್ತಾರೆ.

"ಕೈಗುಣ ಇವರ ಕೈಯಾಗ ಅದ ಯಪ್ಪಾ. ಇಕ್ಕಳಕ್ಕ ಹತ್ತಿರೋದು ಗಡಿಗೆಪ್ಪನ ಕೀವು. ಅದು ಬೇಕಂದ್ರ ಹಂಗ ಹಾಕಸ್ತೀನಿ. ಗಡಿಗೆಪ್ಪಾ, ಹಲ್ಲು ತೋರಿಸೋ ಗೌಡ್ರಿಗೆ."

ಗಡಿಗೆಪ್ಪ ಖುಷಿಯಿಂದಲೇ ಅಂಗೈ ಚಾಚುತ್ತಾನೆ. ಗೌಡರು ಬಗ್ಗಿ ನೋಡಿ ಮುಖ ಕಿವುಚುತ್ತಾರೆ. ಆಮೇಲೆ ಮಂದಿಯ ನಡುವೆಯೇ ಜಾಗ ಮಾಡಿಕೊಂಡು ಕೂರುತ್ತಾರೆ. "ಚಲೋತ್ನಾಗ ಕುದಿಸವ್ವಾ," ಎನ್ನುವ ದನಿ ಮೆತ್ತಗಾಗಿದೆ.

ನೀರು ಕುದಿದು ಗೌಡರ ಹಲ್ಲೂ ಬರುತ್ತದೆ. ಮುಂದಿನ ಸರದಿ ಸೂಗಮ್ಮನದು. ಮಾನ್ವಿ ಕಡೆಯ ಹಿರೇಕೊಟ್ನೆಕಲ್ಲಿನ ಕೂಲಿ ಹೆಣ್ಣುಮಗಳು, ಇಲ್ಲೇ ಹತ್ತಿರದ ಗೂಗಲ್ ಹಳ್ಳಿಯ ತವರಿಗೆ ಬಂದವಳು. ಧಣಿಯ ಹಲ್ಲು ಕಿತ್ತ ಗಡಿಬಿಡಿಯಲ್ಲಿ ಬಂದೇನವಾಜರು ಅದೇ ಇಕ್ಕಳ ಹಿಡಿದು ನೇರ ಅವಳತ್ತ ಬಾಗುತ್ತಾರೆ. ಸೂಗಮ್ಮ ಬಾಯಿಗೆ ಕೈ ಅಡ್ಡ ಇಡುತ್ತಾಳೆ.

"ಗೌಡ್ರ ಬಾಯಾಗ ಹೋಗಿದ್ದಲ್ಲೇನ್ರಿ ಅದು? ಮೊದ್ಲು ಕುದಿಸ್ರಿ."

ಎಲ್ಲರ ಕಣ್ಣೂ ಗೌಡರ ಮೇಲೆ. ಬಾಯಲ್ಲಿ ಹತ್ತಿ ಕಚ್ಚಿದ್ದ ಗೌಡರ ಭುಜ ಕುಣಿಯತೊಡಗುತ್ತದೆ, ಅವರು ನಗುತ್ತಿದ್ದಾರೆ! ನಗುತ್ತಲೇ ಒಂದು ಹಿಡಿ ಹತ್ತಿಕಟ್ಟಿಗೆಯನ್ನು ತಾವೇ ಒಲೆಗೆ ತುರುಕುತ್ತಾರೆ. ಮರದಡಿ ಕುಳಿತವರೆಲ್ಲ ಕೆನ್ನೆಯ ನೋವು ಮರೆತು ನಗುತ್ತಾರೆ.

ಮೂಕಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. "ಇಷ್ಟು ದಿನ ಕಾಯ್ರಿ ಕಾಯ್ರಿ ಅಂತ ನಾನ ಬಡಕೋತಿದ್ದೆ. ಇವತ್ತು ಕುಂತೋರ ಬಾಯಿಂದ ಬಂತ್ರೀ."

ಇನ್ನೇನಾದರೂ ಆಸೆಯುಂಟೇ ಎಂದು ಕೇಳುತ್ತೇನೆ.

"ಮಾನ್ವಿ ಸಂತಿಯಾಗೂ ಹಲ್ಲು ಕೀಳ್ತಾರ. ಅಲ್ಲಿ ನಾ ಇರಂಗಿಲ್ಲ. ಅಲ್ಲೂ ಯಾರರ ಹಿಂಗ ಕೇಳಿದ್ರ ಸಾಕ್ರೀ."

"ಯಾರರ ಅಂದ್ರ ಯಾರು ಬೇ?" ಎನ್ನುತ್ತಾಳೆ ಸೂಗಮ್ಮ. "ನಾ ಹೋಗ್ತೀನಲ್ಲ ಆ ಸಂತಿಗೆ!"