ಕೇಬಲ್ಲಿನ ಬಾಯಿಗೆ ವಿಭೂತಿ

ಖಾನಾಪುರದ ಅಕ್ಕನ ಮನೆಯ ಪಡಸಾಲೆಯಲ್ಲಿ ಅವತ್ತು ನಾವು ಮೂವರಿದ್ದೆವು. ಅರವತ್ತಾರರ ನೀಲಕ್ಕ, ಬಾಜು ಮನೆಯ ಮಂಗಲಾ ವಹಿನಿ (ವಹಿನಿ ಎಂದರೆ ಮರಾಠಿಯಲ್ಲಿ ಅತ್ತಿಗೆ), ಬೆಳಗಾವಿಯಿಂದ ಬೆಳಗಿನ ಬಸ್ಸಿಗೆ ಬಂದಿಳಿದ ನಾನು. ಮೂವರೂ ಒಂದು ಕಂಪ್ಯೂಟರಿನ ಮುಂದೆ, ಕಾಯಿಲೆಯವರ ಮಂಚದ ಬಳಿ ನಿಲ್ಲುವ ಹಾಗೆ ನಿಂತಿದ್ದೆವು.

ಅದು ನನ್ನದೇ ಹಳೇ ಡೆಸ್ಕ್‌ಟಾಪ್. ಅಕ್ಕ ಟೀಚರ್ ಕೆಲಸದಿಂದ ನಿವೃತ್ತಳಾದಾಗ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಹಾಕಿ ಕೊಟ್ಟಿದ್ದೆ. (ವೈರಸ್ ಕಾಟ ಇರುವುದಿಲ್ಲ ಎಂದು ಭಾಷಣವನ್ನೂ ಮಾಡಿದ್ದೆ.) ಅಂದಿನಿಂದ ಓಣಿಯ ಅರ್ಧ ಜನರ ಅರ್ಜಿಗಳು ಅದರಲ್ಲೇ ಟೈಪ್ ಆಗುತ್ತವೆ. ಅವರು ಮರಾಠಿಯಲ್ಲಿ ಹೇಳುತ್ತಾರೆ, ಅಕ್ಕ ಕನ್ನಡದಲ್ಲಿ ಬರೆದುಕೊಡುತ್ತಾಳೆ.

ಈಗ ಮೂರು ವಾರದಿಂದ ಒಂದೂ ಅರ್ಜಿ ಆಗಿಲ್ಲ.

“ಅಕ್ಷರ ಊದಿಕೊಂಡಾವು,” ಎಂದಳು ಅಕ್ಕ. “ಅಂಚೆಲ್ಲಾ ಮಸಕ. ಮೊಮ್ಮಗಳ ಫೋಟೋ ತಗದ್ರ ಮಾರಿ ರೊಟ್ಟಿ ಆಗೇತಿ.”

“ನನ್ನ ಮಾರಿ ಮೊದಲಿಂದ ರೊಟ್ಟೀನ ಐತ್ರಿ ದಾದಾ, ನನಗ ಫರಕ ಗೊತ್ತಾಗಲಿಲ್ಲ,” ಎಂದರು ವಹಿನಿ.

ನಾನು ನಕ್ಕೆ. ನಗುತ್ತಲೇ ಎಡಗಡೆ ಸ್ಟೂಲಿನ ಮೇಲಿದ್ದ ಚಹಾದ ಕಪ್ಪನ್ನು ಮೊಣಕೈಯಿಂದ ಕೆಡವಿದೆ. “ಕಣ್ಣ ಎಲ್ಲಿ ಇಟ್ಟೀರಿ?” ಎನ್ನುತ್ತ ವಹಿನಿ ಅರಿವೆ ತರಲು ಒಳಗೆ ಹೋದರು.

ಅಕ್ಕ ಮಾತ್ರ ನಗಲಿಲ್ಲ. ವಹಿನಿ ಮರೆಯಾದದ್ದನ್ನು ನೋಡಿ ಮೆಲ್ಲಗೆ ಕೇಳಿದಳು: “ತಮ್ಮಾ, ಇದು ರಿಪೇರಿ ಆದ ಮ್ಯಾಲೂ ನನಗ ಹಿಂಗ ಕಂಡ್ರ?”

ನನಗೆ ಅವ್ವ ನೆನಪಾದಳು.

ನಮ್ಮ ಅವ್ವನಿಗೆ ಗ್ಲಾಕೋಮಾ ಇತ್ತು. ಕಣ್ಣಿನೊಳಗೆ ಒತ್ತಡ ಹೆಚ್ಚಿ, ನೋವಿಲ್ಲದೆ, ಸದ್ದಿಲ್ಲದೆ, ಅಂಚಿನಿಂದ ದೃಷ್ಟಿ ತಿನ್ನುತ್ತ ಬರುವ ಕಾಯಿಲೆ. ಕೊನೆಗಾಲದಲ್ಲಿ ಅವಳು ನಮ್ಮ ಮುಖ ಸವರಿ ಯಾರೆಂದು ತಿಳಿಯುತ್ತಿದ್ದಳು. ಅದಕ್ಕೂ ಮುಂಚಿನ ವರ್ಷಗಳಲ್ಲಿ ದಿನಾ ಬೆಳಿಗ್ಗೆ ಒಂದು ಕಣ್ಣಿಗೆ ಅಂಗೈ ಮುಚ್ಚಿಕೊಂಡು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ಆಮೇಲೆ ಇನ್ನೊಂದು ಕಣ್ಣು. ಯಾಕೆಂದು ಎಂದೂ ಹೇಳಲಿಲ್ಲ. ಈಗ ಮೂರು ವಾರದಿಂದ ಅಕ್ಕನೂ ಅದನ್ನೇ ಮಾಡುತ್ತಿದ್ದಳಂತೆ. ಕ್ಯಾಲೆಂಡರಿನ ಬದಲು ಸ್ಕ್ರೀನು, ಅಷ್ಟೇ.

“ದವಾಖಾನಿಗೆ ಹೋಗಬಾರದಾಗಿತ್ತೇನು?” ಎಂದೆ.

“ಹೋದ್ರ ಹೇಳ್ತಾರಲ್ಲೋ.”

ನಾವೆಲ್ಲ ಹೀಗೇ ಅಲ್ಲವೇ? ಡಾಕ್ಟರ್ ಬಾಯಿ ತೆರೆಯುವತನಕ ಕಾಯಿಲೆ ಇಲ್ಲ ಎಂದು ನಂಬಿದವರು.

ಅಕ್ಕನಿಗೆ ಉತ್ತರ ಕೊಡುವ ದಾರಿ ಒಂದೇ ಇತ್ತು. ಸ್ಕ್ರೀನ್ ಸರಿಯಾಗಬೇಕು. ಸೆಟ್ಟಿಂಗ್ಸ್ ತೆರೆದೆ. ಮಾನಿಟರಿನ ಹೆಸರಿರಬೇಕಾದ ಕಡೆ ‘ಅಪರಿಚಿತ’ ಎಂದಿತ್ತು. ರೆಸಲ್ಯೂಷನ್ ಪಟ್ಟಿಯಲ್ಲಿ ಎರಡೇ ಅಳತೆ, ಎರಡೂ ಹಳೇ ಡಬ್ಬಾ ಟಿವಿಗೆ ಒಪ್ಪುವಂಥವು. ಅಗಲ ಸ್ಕ್ರೀನಿಗೆ ಬೇಕಾದ ಅಳತೆಯೇ ಮಾಯ. ಇಂಟರ್ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮ ಬರೆದಿಟ್ಟ ಕಮಾಂಡುಗಳನ್ನು ಮೊಬೈಲ್ ನೋಡಿ ಒಂದೊಂದೇ ಟೈಪ್ ಮಾಡಿದೆ. ಎಂಟರ್ ಒತ್ತಿದೆ.

ಸ್ಕ್ರೀನ್ ಕಪ್ಪಾಯಿತು.

ಅಕ್ಕ ನನ್ನ ತೋಳು ಹಿಡಿದಳು. ಉಗುರು ಒಳಗಿಳಿಯುವಷ್ಟು ಬಿಗಿಯಾಗಿ. “ತಮ್ಮಾ, ನಿನಗೂ ಕರ್ರಗ ಕಾಣಾಕತ್ತೈತೋ, ನನಗಷ್ಟೋ?”

“ಎಲ್ಲಾರಿಗೂ ಕರ್ರಗೈತಿ,” ಎಂದೆ. ಇಷ್ಟು ಸಮಾಧಾನದ ಮಾತನ್ನು ಇಷ್ಟು ನಡುಗುವ ದನಿಯಲ್ಲಿ ನಾನೆಂದೂ ಆಡಿಲ್ಲ.

ಬಟನ್ ಒತ್ತಿ ಹಿಡಿದು ಬಂದ್ ಮಾಡಿದೆ. ಮತ್ತೆ ಚಾಲೂ ಮಾಡಿದರೆ ಅದೇ ಊದಿದ ಅಕ್ಷರಗಳು. ಕೈಚೆಲ್ಲಿ ಕೇಳಿದೆ, “ಮೂರು ವಾರದ ಹಿಂದ ಇದಕ್ಕ ಏನ ಮಾಡಿದ್ದಿ?”

“ಏನ ಮಾಡ್ಲಿ? ಖಂಡೇನವಮಿ ಇತ್ತು, ಪೂಜಿ ಮಾಡಿದೆ.”

ನಮ್ಮ ಮನೆಯ ಆಯುಧಪೂಜೆಗೆ ಒಂದು ರೀತಿ ಇದೆ. ಅವ್ವ ಕಲಿಸಿದ್ದು. ಸಲಕರಣೆ ಯಾವ ಬಾಯಿಯಿಂದ ದುಡಿಯುತ್ತದೋ ಆ ಬಾಯಿಗೇ ವಿಭೂತಿ ಹಚ್ಚಬೇಕು. ಕುಡುಗೋಲಿನ ಬಾಯಿಗೆ, ಕತ್ತರಿಯ ಬಾಯಿಗೆ. ನಾನು ಮಾನಿಟರಿನ ಕೇಬಲ್ ಬಿಚ್ಚಿ ನೋಡಿದೆ. ಅದರ ಬಾಯಿಗೂ ವಿಭೂತಿ. ನೀರಲ್ಲಿ ತೇಯ್ದು ಹಚ್ಚಿದ್ದು ಒಣಗಿ, ಪಿನ್ನುಗಳ ನಡುವೆ ಸುಣ್ಣದಂತೆ ಕೂತಿತ್ತು.

‘ನನ್ನ ಅಗಲ ಇಷ್ಟು, ಎತ್ತರ ಇಷ್ಟು’ ಎಂದು ಮಾನಿಟರ್ ಕಂಪ್ಯೂಟರಿಗೆ ತಿಳಿಸುವುದು ಆ ಪಿನ್ನುಗಳಲ್ಲಿ ಒಂದೆರಡರ ಮೂಲಕ. ಮಾತು ಹೊರಡಲಿಲ್ಲ. ಪಾಪ, ಲಿನಕ್ಸ್ ತನಗೆ ತೋಚಿದ ಅಳತೆ ಹಿಡಿಯಿತು.

ವಹಿನಿ ಹೊಸ ಟೂತ್‌ಬ್ರಷ್ ತಂದುಕೊಟ್ಟರು. “ನಮ್ಮಲ್ಲಿ ಬರೇ ಅರಿಷಿಣ-ಕುಂಕುಮ, ಅದೂ ಹೊರಗಿಂದ ಹೊರಗ,” ಎಂದು ಚುಚ್ಚುವುದನ್ನು ಮರೆಯಲಿಲ್ಲ. ಒಣ ಬ್ರಷ್ಷಿನಿಂದ ಉಜ್ಜಿ, ಊದಿ, ಕೇಬಲ್ ಸಿಕ್ಕಿಸಿ, ಚಾಲೂ ಮಾಡಿದೆ.

ಪಟ್ಟಿಯಲ್ಲಿ ಮಾನಿಟರಿನ ಹೆಸರು ಬಂತು. ಸರಿಯಾದ ಅಳತೆ ತಾನಾಗೇ ಕೂತಿತ್ತು.

ಈಗ ಅಕ್ಕನ ಸರದಿ. ಬಲಗಣ್ಣಿಗೆ ಅಂಗೈ ಮುಚ್ಚಿದಳು. ಅರ್ಧಕ್ಕೇ ನಿಂತಿದ್ದ ಅರ್ಜಿಯೊಂದನ್ನು ಮೊದಲ ಸಾಲಿನಿಂದ ಓದಿದಳು. ಅಂಗೈ ಬದಲಿಸಿದಳು. ಕೊನೆಯ ಸಾಲಿನವರೆಗೂ ಓದಿದಳು. ಆಮೇಲೆ ಸೆರಗಿನಿಂದ ಎರಡೂ ಕಣ್ಣು ಒರೆಸಿಕೊಂಡು, “ಚಂದ ಐತಿ,” ಎಂದಳು. ಅಕ್ಷರವೋ, ಕಣ್ಣೋ, ಹೇಳಲಿಲ್ಲ.

ಹೆದರಿಕೆ ಹೋದ ಮೇಲೆ ಮನುಷ್ಯರಿಗೆ ಆಟ ಹೊಳೆಯುತ್ತದೆ. “ಈಗ ನೀ ನೋಡು,” ಎಂದಳು. ನಾನೂ ಬಲಗಣ್ಣು ಮುಚ್ಚಿ ಸ್ಕ್ರೀನಿನ ನಡುವಿನ ಒಂದು ಪದವನ್ನೇ ದಿಟ್ಟಿಸಿದೆ. ಅಕ್ಕ ಮೌಸ್ ಹಿಡಿದು ಬಾಣದ ಗುರುತನ್ನು ಮೆಲ್ಲಗೆ ಎಡಕ್ಕೆ ಎಳೆದಳು.

ಬಾಣ ಮಾಯವಾಯಿತು. ಸ್ಕ್ರೀನಿನ ಅಂಚಿನತನಕ ಎಳೆದರೂ ಮತ್ತೆ ಕಾಣಲಿಲ್ಲ.

“ಇನ್ನೂ ಏನೋ ಗಡಬಡ ಐತಿ,” ಎಂದೆ. “ಬಾಣ ಹೋತಲ್ಲ.”

“ಎಲ್ಲಿ ಹೋತು? ಇಲ್ಲೇ ಐತಲ್ಲೋ.”

“ಇಲ್ಲೇ ಐತ್ರಿ ದಾದಾ,” ಎಂದರು ವಹಿನಿ. ಅವರ ದನಿಯಲ್ಲಿ ಚೇಷ್ಟೆ ಇರಲಿಲ್ಲ.

ನಾನು ಅಂಗೈ ತೆಗೆದೆ. ಬಾಣ ಅಲ್ಲೇ ಇತ್ತು. ಮುಚ್ಚಿದೆ. ಇರಲಿಲ್ಲ. ಬೆಳಿಗ್ಗೆ ಕೆಡವಿದ ಚಹಾದ ಕಪ್ಪು ಇದ್ದದ್ದೂ ಎಡಗಡೆಗೇ ಎಂಬುದು ಆಗ ನೆನಪಾಯಿತು.

ಅಕ್ಕ ಮೌಸ್ ಬಿಟ್ಟಳು. ನೆರೆತ ಕೂದಲಿನ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಅವ್ವನ ಹಾಗೆಯೇ ಮುಖ ಸವರಿದಳು.

ಮರುದಿನ ಬೆಳಗಾವಿಯ ಟಿಳಕವಾಡಿಯಲ್ಲಿರುವ ಕಣ್ಣಿನ ದವಾಖಾನೆಗೆ ಅಕ್ಕನೇ ನನ್ನನ್ನು ಕರೆದುಕೊಂಡು ಹೋದಳು. ಇಬ್ಬರ ಕಣ್ಣನ್ನೂ ನೋಡಿದ ಡಾಕ್ಟರು ಅವಳಿಗೆ ವರ್ಷಕ್ಕೊಮ್ಮೆ ಬಂದು ಹೋಗಲು ಹೇಳಿದರು. ನನಗೆ, ಹೋದದ್ದು ಹೋಯಿತು, ಉಳಿದದ್ದನ್ನು ಕಾಪಾಡೋಣ ಎಂದು ದಿನಾ ಕಣ್ಣಿಗೆ ಹಾಕುವ ಹನಿ ಬರೆದುಕೊಟ್ಟರು.

ಈಗ ದಿನಾ ಸಂಜೆ ಏಳಕ್ಕೆ ಖಾನಾಪುರದಿಂದ ಫೋನ್ ಬರುತ್ತದೆ, ಎರಡೇ ಪದ: “ಹನಿ ಹಾಕ್ಕೊಂಡಿ?”