ಡಿನ್ನಿ ಹಾಲು ಕರೆಯುವ ಹೊತ್ತು

ಐರ್ಲೆಂಡಿನ ಕೆರಿ ಸೀಮೆಯ ಆ ವೃದ್ಧಾಶ್ರಮದಲ್ಲಿ ನರ್ಸ್ ಅಸಂಪ್ಟಾ ಡೆವೇನ್ ಇಪ್ಪತ್ತೊಂಬತ್ತು ವರ್ಷ ಸವೆಸಿದ್ದಳು. ಗಂಡ ಹೋದ, ಮಂಡಿ ಹೋಯಿತು, ಪಾಳಿ ಮಾತ್ರ ಹೋಗಲಿಲ್ಲ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಇಪ್ಪತ್ತೆರಡು ಮುದಿಜೀವಗಳಿಗೆ ಇವಳೊಬ್ಬಳೇ. ಇನ್ನೊಬ್ಬರನ್ನು ಕೊಡಿ ಎಂದು ಕೇಳಿ ಕೇಳಿ ಬಾಯಿ ನೋಯಿಸಿಕೊಂಡದ್ದಷ್ಟೇ ಬಂತು.

ನವೆಂಬರಿನಲ್ಲಿ ಡಿನ್ನಿ ಸುಗ್ರೂ ಬಂದ. ಎಂಬತ್ತಾರರ ಒಂಟಿ ಮನುಷ್ಯ, ಅರವತ್ತು ವರ್ಷ ಹಾಲು ಕರೆದವನು. ಬೆಳಗಿನ ಐದಕ್ಕೆ ಎದ್ದು, ಟೋಪಿ ಹಾಕಿಕೊಂಡು, ಕಾರಿಡಾರಿನ ಬಾಗಿಲುಗಳನ್ನೆಲ್ಲ ತೆರೆದು 'ಹೋವ್ ಹೋವ್' ಎಂದು ಮಲಗಿದವರನ್ನು ಎಬ್ಬಿಸುತ್ತಿದ್ದ. ಮುದುಕಿಯರು ಹಿಡಿಶಾಪ ಹಾಕಿದರು. ಅಸಂಪ್ಟಾ ಕಡತದಲ್ಲಿ 'ಅಲೆದಾಟ, ಉದ್ರೇಕ' ಎಂದು ಬರೆದು ಸಹಿ ಹಾಕಿದಳು. ಅವಳೂ ಹಸು ಕಟ್ಟಿದ ಮನೆಯಲ್ಲೇ ಹುಟ್ಟಿದವಳು, ಆದರೂ ಅದು ಹಸು ಎಬ್ಬಿಸುವ ಕೂಗೆಂದು ಹೊಳೆಯಲಿಲ್ಲ. ದಣಿದ ತಲೆಗೆ ಏನು ತಾನೇ ಹೊಳೆದೀತು!

ಗುರುವಾರ ಬರುವ ಡಾಕ್ಟರ್ ಹೆಫರ್ನನ್ ಆ ಎರಡು ಪದ ನೋಡಿ ಮಾತ್ರೆ ಬರೆದರು. ಬುದ್ಧಿ ಕೆಟ್ಟವರಿಗೆ ಕೊಡುವ ಮಾತ್ರೆ. ಡಿನ್ನಿಯ ಬುದ್ಧಿ ಎಲ್ಲಿ ಕೆಟ್ಟಿತ್ತು? ಮೂರೇ ವಾರದಲ್ಲಿ ಆತ ಜೊಲ್ಲು ಸುರಿಸುತ್ತ ಕುರ್ಚಿ ಹಿಡಿದ. ಒಂದು ಬೆಳಿಗ್ಗೆ ಅವಳು ಮುಖ ಒರೆಸುವಾಗ ಅವನ ಬೆರಳುಗಳು ಕಂಬಳಿಯ ಅಂಚನ್ನು ಹಿಡಿದು ಹಿಂಡುತ್ತಿದ್ದವು, ಒಂದಾದ ಮೇಲೊಂದು ಕೈ. ಕೆಚ್ಚಲು ಹಿಂಡುವ ಕೈ ಅದು; ಅವಳು ಒರೆಸುವುದನ್ನು ಬಿಟ್ಟು ನೋಡಿದಳು.

ಗುರುವಾರ ಪಾಳಿ ಮುಗಿದರೂ ಡಾಕ್ಟರಿಗಾಗಿ ಕಾದಳು.

"ಡಾಕ್ಟ್ರೇ, ಅವ್ರು ಅಲೀತಿರ್ಲಿಲ್ಲ, ಹಾಲು ಕರೆಯೋಕೆ ಹೋಗ್ತಿದ್ರು. ತಪ್ಪು ಬರೆದವಳು ನಾನೇ. ಮಾತ್ರೆ ನಿಲ್ಸಿ."

"ಐದಕ್ಕೆ ಜೊತೇಲಿ ಯಾರು ನಡೀತಾರೆ?"

"ನಾನೇ."

ಮಾತ್ರೆ ನಿಂತಿತು, ಡಿನ್ನಿ ಎದ್ದು ನಿಂತ. ಅವಳು ರಜೆಯ ದಿನವೂ ಐದಕ್ಕೆ ಬಂದು, ತೋಳು ಹಿಡಿದು, ಕಾರಿಡಾರಿನ ಆ ತುದಿಯವರೆಗೆ ನಡೆಸಿದಳು. ಬಾಗಿಲು ಹಾಕೇ ಹುಡುಗಿ, ಕರು ತಪ್ಪಿಸಿಕೊಳ್ಳುತ್ತೆ ಎಂದು ಐವತ್ತೆಂಟರ ಅವಳನ್ನು ಗದರುತ್ತಿದ್ದ. ಆಮೇಲೆ ಚಹಾ ಕುಡಿದು ತೆಪ್ಪಗೆ ಮಲಗುತ್ತಿದ್ದ.

ಹನ್ನೆರಡನೆಯ ದಿನ ಐದಕ್ಕೆ ಸರಿಯಾಗಿ ಎರಡು ಕೋಣೆಗಳ ಕರೆಗಂಟೆ ಒಟ್ಟಿಗೇ ಮೊಳಗಿತು. ಒಬ್ಬಾಕೆಗೆ ಉಸಿರು ಸಿಕ್ಕುತ್ತಿರಲಿಲ್ಲ. ಸ್ವಲ್ಪ ಕೂತಿರಿ ಎಂದು ಡಿನ್ನಿಗೆ ಹೇಳಿ ಓಡಿದಳು. ಹಸುಗಳು ಕಾಯುತ್ತವೆಯೇ? ಬರುವಷ್ಟರಲ್ಲಿ ಆತ ನೆಲಕ್ಕೆ ಬಿದ್ದಿದ್ದ. ಮೂಳೆ ಉಳಿಯಿತು, ಹಣೆ ಒಡೆಯಿತು.

"ಮಾತ್ರೆ ಮತ್ತೆ ಶುರು ಮಾಡೋಣ್ವಾ?" ಡಾಕ್ಟರ್ ಫೋನಿನಲ್ಲಿ ಕೇಳಿದರು.

ಬೇಡ ಎನ್ನಬೇಕಿತ್ತು. ಅನ್ನಲು ಅವಳಲ್ಲಿ ತ್ರಾಣವೇ ಉಳಿದಿರಲಿಲ್ಲ. ಮಾಡಿ ಎಂದಳು.

ರಾತ್ರಿ ಮಾತ್ರೆ ಹಿಡಿದು ಹೋದಾಗ ಡಿನ್ನಿ ಪಟ್ಟಿ ಕಟ್ಟಿದ ಹಣೆ ಎತ್ತಿ ನೋಡಿದ.

"ನಾಳೆ ಐದಕ್ಕೆ ಬರ್ತೀಯಲ್ಲ?"

"ಬರ್ತೀನಿ," ಎಂದಳು. ಆತ ನಂಬಿ ಬಾಯಿ ತೆರೆದ.